ಪ್ಯಾಕೇಜ್ ವಿವರಣೆ: ಓದುವವರ ಗೋಳು, ಬರೆಯುವವರ ಕೆಲಸ

ಪ್ರಶ್ನೆ: ನಾನು ಉಬುಂಟು ಬಳಸುತ್ತೇನೆ. ಯಾವುದಾದರೂ ಸಾಫ್ಟ್‌ವೇರ್ ಪ್ಯಾಕೇಜ್ ಹಾಕುವ ಮೊದಲು ಅದೇನು ಅಂತ ನೋಡಲು ಟರ್ಮಿನಲ್‌ನಲ್ಲಿ ‘ಆಪ್ಟ್ ಶೋ’ ಕೊಡುತ್ತೇನೆ. ಡಿಪೆಂಡ್ಸ್, ಸೈಜ್, ಮೇಂಟೇನರ್ ಅಂತ ಸಾಲುಸಾಲು ಬರುತ್ತದೆ. ನನಗೆ ಬೇಕಾದ ವಿವರಣೆ ಎಲ್ಲೋ ತಳದಲ್ಲಿ ಕೂತಿರುತ್ತದೆ. ಪ್ಯಾಕೇಜ್‌ಗಳ ಪಟ್ಟಿ ನೋಡಲು ‘ಡಿಪಿಕೆಜಿ ಮೈನಸ್ ಎಲ್’ ಕೊಟ್ಟರೆ ವಿವರಣೆ ಅರ್ಧಕ್ಕೇ ತುಂಡು. ಸುಲಭದ ದಾರಿ ಇದೆಯಾ?

ಉತ್ತರ: ಇದೆ. ಆಪ್ಟ್ ಶೋ ವಿವರಣೆಯನ್ನು ಯಾವಾಗಲೂ ಕೊನೆಗೆ ತೋರಿಸುತ್ತದೆ. ಹಾಗಾಗಿ ಅದರ ಔಟ್‌ಪುಟ್ಟನ್ನು ಪೈಪ್ (| ಚಿಹ್ನೆ) ಹಾಕಿ, ಪುಟಪುಟವಾಗಿ ತೋರಿಸುವ ‘ಲೆಸ್’ ಕಮಾಂಡಿಗೆ ಕೊಡಿ. ಲೆಸ್ ಒಳಗೆ ಸ್ಲ್ಯಾಷ್ ಒತ್ತಿ ‘ಡಿಸ್ಕ್ರಿಪ್ಷನ್’ ಅಂತ ಟೈಪ್ ಮಾಡಿ ಎಂಟರ್ ಹೊಡೆದರೆ ನೇರ ಅಲ್ಲಿಗೇ ಹೋಗುತ್ತೀರಿ (ಡಿ ದೊಡ್ಡಕ್ಷರ ಇರಲಿ, ಇಲ್ಲದಿದ್ದರೆ ಸಿಗುವುದಿಲ್ಲ). ಹೊರಗೆ ಬರಲು ಕ್ಯೂ. ಪೈಪ್ ಹಾಕಿದಾಗ ‘ಆಪ್ಟ್‌ನ ಔಟ್‌ಪುಟ್ ಸ್ಥಿರವಲ್ಲ, ಸ್ಕ್ರಿಪ್ಟ್‌ನಲ್ಲಿ ಬಳಸುವಾಗ ಎಚ್ಚರ’ ಅಂತ ಒಂದು ವಾರ್ನಿಂಗ್ ಬರುತ್ತದೆ. ಹೆದರಬೇಡಿ, ನೀವು ಸುಮ್ನೆ ಓದುತ್ತಿದ್ದೀರಿ ಅಷ್ಟೇ. ನಿಜವಾಗಿ ಸ್ಕ್ರಿಪ್ಟ್ ಬರೆಯುವುದಾದರೆ ಹಳೆಯ ‘ಆಪ್ಟ್-ಕ್ಯಾಶ್ ಶೋ’ ಹಿಡಿಯಿರಿ.

ಟರ್ಮಿನಲ್ ಕಿಟಕಿ ಚಿಕ್ಕದಾಗಿದ್ದರೆ ಸಾಲುಗಳು ಪದದ ಮಧ್ಯದಲ್ಲೇ ಮುರಿಯುತ್ತವೆ. ಪ್ಯಾಕೇಜ್ ಮಾಡಿದವರು ಎಲ್ಲಿ ಸಾಲು ಮುರಿದರೋ ಆಪ್ಟ್ ಶೋ ಅಲ್ಲೇ ಮುರಿಯುತ್ತದೆ, ನಿಮ್ಮ ಕಿಟಕಿಯ ಅಗಲ ನೋಡುವುದಿಲ್ಲ. ‘ಆಪ್ಟಿಟ್ಯೂಡ್ ಶೋ’ ಹಾಗಲ್ಲ, ಅಗಲಕ್ಕೆ ತಕ್ಕಂತೆ ಪ್ಯಾರಾವನ್ನು ಮತ್ತೆ ಜೋಡಿಸಿ ಕೊಡುತ್ತದೆ. ಬರೀ ಓದಲಿಕ್ಕೆ ಅಂತಲೇ ನಾನು ಅದನ್ನು ಹಾಕಿಟ್ಟುಕೊಂಡಿದ್ದೇನೆ.

ಡಿಪಿಕೆಜಿ ಪಟ್ಟಿ ತುಂಡಾಗುವುದು ಅದು ಟರ್ಮಿನಲ್ ಅಗಲಕ್ಕೆ ಕಾಲಂಗಳನ್ನು ಹೊಂದಿಸಲು ಹೋಗುವುದರಿಂದ. ಕಮಾಂಡ್‌ಗಿಂತ ಮೊದಲು ‘ಕಾಲಮ್ಸ್ ಈಕ್ವಲ್ 200’ ಅಂತ ಸೇರಿಸಿ (ಕಾಲಮ್ಸ್ ಪೂರ್ತಿ ದೊಡ್ಡಕ್ಷರ, ಈಕ್ವಲ್ ಚಿಹ್ನೆಯ ಆಚೆ ಈಚೆ ಸ್ಪೇಸ್ ಬೇಡ). ಅಗಲ 200 ಇದೆ ಅಂದುಕೊಂಡು ಉದ್ದದ ಸಾಲು ಕೊಡುತ್ತದೆ.

ಇನ್ನು ಹುಡುಕಾಟ. ‘ಆಪ್ಟ್-ಕ್ಯಾಶ್ ಸರ್ಚ್’ ಒಂದು ಪ್ಯಾಕೇಜ್‌ಗೆ ಒಂದೇ ಸಾಲು ಕೊಡುತ್ತದೆ: ಹೆಸರು, ಒಂದು ಗೆರೆ, ಚಿಕ್ಕ ವಿವರಣೆ. ಕಣ್ಣು ಹಾಯಿಸಲು, ಗ್ರೆಪ್ ಮಾಡಲು (ಬೇಕಾದ ಪದವಿರುವ ಸಾಲನ್ನಷ್ಟೇ ಹೆಕ್ಕಲು) ಎರಡಕ್ಕೂ ಇದೇ ವಾಸಿ. ‘ಎಡಿಟರ್’ ಅಂತ ಹುಡುಕಿದರೆ ಸಂಬಂಧವಿಲ್ಲದ್ದೆಲ್ಲ ಬರುತ್ತದೆ ಅಲ್ವಾ? ಅದು ಉದ್ದ ವಿವರಣೆಯೊಳಗೂ ಹುಡುಕುತ್ತದೆ, ಅದಕ್ಕೇ. ಹೆಸರಿನಲ್ಲಿ ಮಾತ್ರ ಸಾಕು ಅಂದರೆ ‘ನೇಮ್ಸ್-ಓನ್ಲಿ’ ಆಯ್ಕೆ ಸೇರಿಸಿ.

ಆದರೆ ಒಂದು ಮಾತು. ಇಷ್ಟೆಲ್ಲ ಮಾಡಿ ವಿವರಣೆ ಮುಂದೆ ತಂದುಕೊಂಡರೂ, ಅಲ್ಲಿ ಬರೆದದ್ದೇ ಸರಿಯಿಲ್ಲದಿದ್ದರೆ ಯಾವ ಕಮಾಂಡೂ ಏನೂ ಮಾಡಲಾರದು. ಮುಂದಿನ ಪ್ರಶ್ನೆ ಸರಿಯಾದ ಹೊತ್ತಿಗೆ ಬಂದಿದೆ.

ಪ್ರಶ್ನೆ: ಫೋಟೋಗಳ ಹೆಸರು ಬದಲಿಸುವ ಒಂದು ಚಿಕ್ಕ ಟೂಲ್ ಬರೆದಿದ್ದೇನೆ. ಅದನ್ನು ಡೆಬಿಯನ್ (ಉಬುಂಟುವಿಗೆ ಆಧಾರವಾದ ಲಿನಕ್ಸ್) ಪ್ಯಾಕೇಜ್ ಮಾಡುತ್ತಿದ್ದೇನೆ. ವಿವರಣೆಯ ಮೊದಲ ಸಾಲಿಗೆ ಹೀಗೆ ಬರೆದಿದ್ದೇನೆ (ಇಂಗ್ಲಿಷಿನಲ್ಲಿದೆ, ಅರ್ಥ ಕೊಡುತ್ತೇನೆ): ‘ಆಧುನಿಕ, ಅತಿ ವೇಗದ, ಬಳಸಲು ಸುಲಭವಾದ, ಪೈಥಾನ್‌ನಲ್ಲಿ ಬರೆದ ಶಕ್ತಿಶಾಲಿ ಟೂಲ್’. ಕೆಳಗೆ ಪ್ಯಾರಾಗಳ ನಡುವೆ ಖಾಲಿ ಸಾಲು ಬಿಟ್ಟರೆ ಬಿಲ್ಡ್ ಕೈಕೊಡುತ್ತಿದೆ. ಫೀಚರ್ ಪಟ್ಟಿ ಕೆಲವು ಕಡೆ ಒಂದೇ ಮುದ್ದೆಯಾಗಿ ಕಾಣುತ್ತದೆ.

ಉತ್ತರ: ಮೊದಲು ಆ ಮೊದಲ ಸಾಲು. ಐದು ಮಾತು ಹೇಳಿದ್ದೀರಿ, ಟೂಲ್ ಏನು ಮಾಡುತ್ತದೆ ಅನ್ನುವುದೇ ಇಲ್ಲ! ‘ವೇಗ’, ‘ಸುಲಭ’ ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ. ಪೈಥಾನ್‌ನಲ್ಲಿ ಬರೆದದ್ದು ನಿಮಗೆ ಮುಖ್ಯ, ಫೋಟೋ ಜೋಡಿಸಲು ಕೂತವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಹೀಗೆ ಬರೆದು ನೋಡಿ: ‘ತೆಗೆದ ದಿನಾಂಕದ ಪ್ರಕಾರ ಫೋಟೋ ಫೈಲ್‌ಗಳ ಹೆಸರು ಬದಲಿಸುವ ಕಮಾಂಡ್‌ಲೈನ್ ಟೂಲ್’. ಹುಡುಕುವವರು ಟೈಪ್ ಮಾಡುವ ‘ಫೋಟೋ’, ‘ಹೆಸರು’, ‘ದಿನಾಂಕ’ ಮೂರೂ ಇದರಲ್ಲಿ ಬಂದವು.

ಈ ಸಾಲಿಗೆ ಡೆಬಿಯನ್‌ನವರ ನಿಯಮ ಚಿಕ್ಕದು. 80 ಅಕ್ಷರದೊಳಗಿರಬೇಕು. ಪ್ಯಾಕೇಜ್ ಹೆಸರು ಮತ್ತೆ ಬರಬಾರದು, ಪಟ್ಟಿಯಲ್ಲಿ ಹೇಗೂ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷಿನ ‘ಎ’, ‘ದಿ’ಗಳಿಂದ ಶುರು ಮಾಡಬೇಡಿ. ಪೂರ್ತಿ ವಾಕ್ಯ ಬೇಡ, ಕೊನೆಗೆ ಚುಕ್ಕಿಯೂ ಬೇಡ. ‘ಈ ಪ್ಯಾಕೇಜ್ ಕೊಡುವುದು ಒಂದು...’ ಅಂತ ಶುರು ಮಾಡಿ ನಿಮ್ಮ ಸಾಲನ್ನು ಅದಕ್ಕೆ ಅಂಟಿಸಿ ಓದಿ. ಸರಾಗವಾಗಿ ಬಂದರೆ ಸರಿಯಿದೆ. (80 ಅನ್ನುವುದು ಹಳೆಯ ಲೆಕ್ಕ. 1928ರ ಐಬಿಎಂ ಪಂಚ್ ಕಾರ್ಡಿಗೆ 80 ಕಾಲಂ ಇತ್ತು. ಕಾರ್ಡ್ ಹೋದರೂ ಲೆಕ್ಕ ಉಳಿದುಕೊಂಡಿದೆ.)

ಬಿಲ್ಡ್ ಕೈಕೊಡುವುದಕ್ಕೆ ಕಾರಣ, ಪ್ಯಾಕೇಜ್‌ನ ವಿವರಗಳನ್ನು ಬರೆಯುವ ಕಂಟ್ರೋಲ್ ಫೈಲ್‌ನ ರೀತಿ. ಅಲ್ಲಿ ಖಾಲಿ ಸಾಲು ಅಂದರೆ ‘ಈ ಪ್ಯಾಕೇಜ್ ಮುಗಿಯಿತು, ಮುಂದಿನದು ಶುರು’ ಅಂತ ಅರ್ಥ. ನಿಮ್ಮ ಎರಡನೇ ಪ್ಯಾರಾವನ್ನು ಅದು ಬೇರೆಯೇ ಪ್ಯಾಕೇಜ್ ಅಂದುಕೊಂಡು ತಬ್ಬಿಬ್ಬಾಗುತ್ತದೆ. ಪ್ಯಾರಾ ಬಿಡಬೇಕಾದಲ್ಲಿ ಒಂದು ಸ್ಪೇಸ್, ಒಂದು ಚುಕ್ಕಿ, ಅಷ್ಟೇ ಇರುವ ಸಾಲು ಹಾಕಿ. ತೋರಿಸುವಾಗ ಆಪ್ಟಿಟ್ಯೂಡ್‌ನಂಥವು ಅದನ್ನು ಖಾಲಿ ಸಾಲಾಗಿಸುತ್ತವೆ. ಮೊದಮೊದಲು ನಾನೂ ಇದೇ ತಪ್ಪು ಮಾಡಿ ಒಂದು ಸಂಜೆಯೆಲ್ಲ ಹಾಳು ಮಾಡಿಕೊಂಡಿದ್ದೆ. ಎರರ್ ಮೆಸೇಜ್ ಹೇಳುವುದೇ ಒಂದು, ತಪ್ಪು ಇರುವುದೇ ಇನ್ನೊಂದು ಕಡೆ.

ಪಟ್ಟಿ ಮುದ್ದೆಯಾಗುವುದೂ ಸ್ಪೇಸ್‌ನ ಆಟವೇ. ಸಾಲಿನ ಮೊದಲು ಒಂದೇ ಸ್ಪೇಸ್ ಇದ್ದರೆ ಅದು ಪ್ಯಾರಾದ ಭಾಗ. ತೋರಿಸುವ ಪ್ರೋಗ್ರಾಂ ಅದನ್ನು ಹಿಂದಿನ ಸಾಲಿಗೆ ಸೇರಿಸಿಬಿಡಬಹುದು. ಎರಡು ಅಥವಾ ಜಾಸ್ತಿ ಸ್ಪೇಸ್ ಇದ್ದರೆ ಇದ್ದ ಹಾಗೇ ಬಿಡಬೇಕು ಅಂತ ನಿಯಮ. ಹಾಗಾಗಿ ಪಟ್ಟಿಯ ಪ್ರತಿ ಸಾಲಿಗೂ ಎರಡು ಸ್ಪೇಸ್ ಕೊಡಿ. ಟ್ಯಾಬ್ ಮುಟ್ಟಬೇಡಿ, ಅದು ಎಲ್ಲಿ ಹೇಗೆ ಕಾಣುತ್ತದೋ ಹೇಳಲಾಗದು. ಪಟ್ಟಿಯೂ ನಾಲ್ಕೈದು ಸಾಲಿಗೆ ನಿಲ್ಲಲಿ, ಉಳಿದದ್ದಕ್ಕೆ ಮ್ಯಾನ್ ಪೇಜ್ (ಟೂಲ್‌ನ ಕೈಪಿಡಿ) ಇದೆಯಲ್ಲ.

ಮುಗಿದ ಮೇಲೆ ಪ್ಯಾಕೇಜ್‌ನ ತಪ್ಪು ಹುಡುಕುವ ‘ಲಿಂಟಿಯನ್’ ಓಡಿಸಿ. ಸಾಲು ಉದ್ದವಾಗಿದ್ದರೆ, ಪ್ಯಾಕೇಜ್ ಹೆಸರಿನಿಂದ ಶುರುವಾಗಿದ್ದರೆ ಹಿಡಿದು ಹೇಳುತ್ತದೆ. ‘ಶಕ್ತಿಶಾಲಿ’ ಅನ್ನುವುದು ಸುಮ್ನೆ ತುಂಬಿಸಿದ ಮಾತು ಅಂತ ಅದಕ್ಕೆ ತಿಳಿಯುವುದಿಲ್ಲ, ಅದನ್ನು ನೀವೇ ಕಿತ್ತುಹಾಕಬೇಕು.

ಪ್ರಶ್ನೆ: ಫೆಡೋರಾ, ಆರ್ಚ್‌ನಲ್ಲೂ ಇದೇ ರೀತಿಯಾ?

ಉತ್ತರ: ಪೂರ್ತಿ ಇಲ್ಲ. ಫೆಡೋರಾ ಬಳಸುವ ಆರ್‌ಪಿಎಂ ಪ್ಯಾಕೇಜ್‌ನಲ್ಲಿ ಸಮ್ಮರಿ (ಮೊದಲ ಸಾಲು), ಡಿಸ್ಕ್ರಿಪ್ಷನ್ (ಉದ್ದ ವಿವರಣೆ) ಬೇರೆಬೇರೆ. ಪ್ಯಾರಾಗೆ ಚುಕ್ಕಿಯ ಉಪಾಯ ಬೇಕಿಲ್ಲ, ಖಾಲಿ ಸಾಲೇ ನಡೆಯುತ್ತದೆ. ಆರ್ಚ್‌ನ ಪ್ಯಾಕ್‌ಮ್ಯಾನ್‌ನಲ್ಲಿ ಉದ್ದ ವಿವರಣೆಯೇ ಇಲ್ಲ, ಇರುವುದು ಒಂದೇ ಸಾಲು. ಮ್ಯಾಕ್‌ನಲ್ಲಿ ಜಾಸ್ತಿ ಬಳಸುವ ಹೋಮ್‌ಬ್ರೂ ಕೂಡ ಒಂದೇ ಸಾಲು ಕೇಳುತ್ತದೆ, ಅಲ್ಲೂ ‘ಎ’, ‘ದಿ’ ಬೇಡ, 80ರೊಳಗೇ ಇರಬೇಕು. ಮೇಲೆ ಹೇಳಿದ ಹಾಗೆ ಬರೆದ ಸಾಲನ್ನು ಎಲ್ಲ ಕಡೆಯೂ ಹೆಚ್ಚುಕಡಿಮೆ ಹಾಗೇ ಅಂಟಿಸಬಹುದು.