ಕಾನೂನು ಪ್ರಶ್ನೋತ್ತರ: ಯುದ್ಧದಲ್ಲೂ ಕಾನೂನು ನಡೆಯುತ್ತಾ, ಮೇಡಂ?

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲಿ ಎಲ್‌ಎಲ್‌ಬಿ ಓದುತ್ತಿದ್ದೇನೆ. ಅಂತರರಾಷ್ಟ್ರೀಯ ಮಾನವೀಯ ಕಾನೂನು, ಅಂದ್ರೆ ಯುದ್ಧ ನಡೆಯುವಾಗ ಅನ್ವಯಿಸುವ ಕಾನೂನು, ನನಗೆ ತುಂಬಾ ಹಿಡಿಸಿದೆ. ನಮ್ಮ ಸೋದರಮಾವ ಇಲ್ಲೇ ವಕೀಲರು. "ಇದರ ಕೇಸು ಇಲ್ಲಿ ಒಂದೂ ಬರಂಗಿಲ್ಲ, ಯುದ್ಧದಾಗ ಇದನ್ನ ಯಾರೂ ಕೇಳಂಗಿಲ್ಲ, ಸುಮ್ನೆ ಸಿವಿಲ್ ಪ್ರೊಸೀಜರ್ ಓದವ್ವ" ಅಂತಾರೆ. ಎಲ್ಲಿಂದ ಶುರು ಮಾಡಲಿ? ಇದರಲ್ಲಿ ಕೆಲಸ ಸಿಗುತ್ತಾ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗಿ, ಮಾವ ಹೇಳಿದ್ದರಲ್ಲಿ ಅರ್ಧ ನಿಜ. ಸಿವಿಲ್ ಪ್ರೊಸೀಜರ್ ಖಂಡಿತ ಬಿಡಬೇಡ. ಆದರೆ ಯುದ್ಧದಲ್ಲಿ ಇದನ್ನು ಯಾರೂ ಕೇಳಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸೈನಿಕರು, ನಾಗರಿಕರು ಸೇರಿ ಸುಮಾರು 93,000 ಮಂದಿ ಭಾರತದ ವಶಕ್ಕೆ ಬಂದರು. ಅಷ್ಟು ಜನರನ್ನು ಶಿಬಿರಗಳಲ್ಲಿ ಇಟ್ಟು ನೋಡಿಕೊಂಡು, 1974ರ ಹೊತ್ತಿಗೆ ವಾಪಸ್ ಕಳಿಸಿದ್ದು ಈ ಕಾನೂನಿನ ಚೌಕಟ್ಟಿನಲ್ಲೇ. ಯುದ್ಧ ನಿಂತ ಮೇಲೆ ಕೈದಿಗಳನ್ನು ತಡಮಾಡದೆ ಕಳಿಸಬೇಕು ಅನ್ನುತ್ತದೆ ನಿಯಮ. ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹಾಗಾಗಿ ಅಲ್ಲೂ ವಾದಕ್ಕೆ ಜಾಗ ಇದೆ. ಆ ವಾದವನ್ನೂ ಬಿಡದೆ ಓದು.

ಎಲ್ಲಿಂದ ಶುರು? ಇತಿಹಾಸದಿಂದ ಬೇಡ. 1859ರ ಸೋಲ್ಫೆರಿನೋ ಕದನ, ಗಾಯಾಳುಗಳನ್ನು ಕಂಡು ಮರುಗಿದ ಹೆನ್ರಿ ಡ್ಯೂನಾಂಟ್, 1864ರ ಮೊದಲ ಜಿನೀವಾ ಒಪ್ಪಂದ, ಇವು ಎಲ್ಲ ಗೈಡಿನಲ್ಲೂ ಸಿಗುತ್ತವೆ. ಪರೀಕ್ಷೆ ಹಿಂದಿನ ಒಂದು ಸಂಜೆ ಸಾಕು. ನೀನು ನೇರವಾಗಿ 1949ರ ಜಿನೀವಾ ಒಪ್ಪಂದಗಳಿಗೆ ಬಾ. ಒಟ್ಟು ನಾಲ್ಕು: ನೆಲದ ಮೇಲೆ ಗಾಯಗೊಂಡ ಸೈನಿಕರಿಗೆ ಒಂದು, ಸಮುದ್ರದಲ್ಲಿ ಗಾಯಗೊಂಡವರಿಗೆ ಇನ್ನೊಂದು, ಯುದ್ಧಕೈದಿಗಳಿಗೆ ಮೂರನೆಯದು, ಸಾಮಾನ್ಯ ಜನರಿಗೆ ನಾಲ್ಕನೆಯದು. ಮೂರನೆಯದನ್ನು ಮೊದಲು ಕೈಗೆತ್ತಿಕೋ. 17ನೇ ವಿಧಿ ನೋಡು. ಸಿಕ್ಕಿಬಿದ್ದ ಸೈನಿಕ ಹೇಳಬೇಕಾದದ್ದು ತನ್ನ ಹೆಸರು, ದರ್ಜೆ, ಹುಟ್ಟಿದ ದಿನ, ಸೇನೆಯ ನಂಬರು. ಅಷ್ಟೇ. ಅದಕ್ಕಿಂತ ಹೆಚ್ಚು ಬಾಯಿ ಬಿಡಿಸಲು ಹೊಡೆಯುವಂತಿಲ್ಲ, ಹೆದರಿಸುವಂತಿಲ್ಲ. 26ನೇ ವಿಧಿಯಲ್ಲಿ ಊಟದ ಮಾತು ಇದೆ: ಕೈದಿಯ ತೂಕ ಇಳಿಯಬಾರದು, ತಂಬಾಕು ಸೇದಲೂ ಬಿಡಬೇಕು. 70ನೇ ವಿಧಿ ಪ್ರಕಾರ ಶಿಬಿರಕ್ಕೆ ಬಂದು ವಾರ ಕಳೆಯುವುದರೊಳಗೆ ಅವನು ಮನೆಗೆ ಒಂದು ಕಾರ್ಡು ಬರೆಯಬಹುದು. ಆಮೇಲೆ ತಿಂಗಳಿಗೆ ಕಡಿಮೆ ಅಂದ್ರೂ ಎರಡು ಪತ್ರ, ನಾಲ್ಕು ಕಾರ್ಡು. ಮಗ ಬದುಕಿದ್ದಾನೋ ಇಲ್ಲವೋ ಅಂತ ಗೊತ್ತಿಲ್ಲದ ತಾಯಿಗೆ ಆ ಮೊದಲ ಕಾರ್ಡು ಏನು ಅಂತ ಯೋಚಿಸು. ಒಪ್ಪಂದ ಬರೆದವರಿಗೆ ಎರಡನೇ ಮಹಾಯುದ್ಧದ ಶಿಬಿರಗಳ ಕಥೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇಷ್ಟು ಸಣ್ಣ ಸಣ್ಣದನ್ನೂ ಬಿಡದೆ ಬರೆದರು.

ಇದಾದ ಮೇಲೆ ಒಂದು ಭಾನುವಾರ ಬೀದರಿಗೆ ಹೋಗಿ ಬಾ. ಮಹಮೂದ್ ಗವಾನ್ ಮದರಸದ ಎದುರು ನಿಂತು ನೋಡು. ಮುಂಭಾಗದ ಒಂದು ಬದಿಗೆ ಮಿನಾರು ಇದೆ, ಬಣ್ಣದ ಟೈಲ್ಸ್ ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ. ಇನ್ನೊಂದು ಬದಿಗೆ ಮಿನಾರೂ ಇಲ್ಲ, ಗೋಡೆಯೂ ಪೂರ್ತಿ ಇಲ್ಲ. 15ನೇ ಶತಮಾನದಲ್ಲಿ ಕಟ್ಟಿದ ವಿದ್ಯಾಲಯ ಅದು. ಔರಂಗಜೇಬನ ಕಾಲದಲ್ಲಿ ಅದರೊಳಗೆ ಸಿಡಿಮದ್ದು ತುಂಬಿಟ್ಟಿದ್ದರು. ಅದು ಸಿಡಿದು ಆ ಭಾಗ ಉರುಳಿತು. ನಾನು ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದೇ ಪ್ರಶ್ನೆ ಕೊಡುತ್ತಿದ್ದೆ. ಇವತ್ತಿನ ಯುದ್ಧದಲ್ಲಿ ಇಂಥ ಕಟ್ಟಡದೊಳಗೆ ಒಂದು ಸೇನೆ ಮದ್ದುಗುಂಡು ಇಟ್ಟಿದೆ. ಎದುರಾಳಿ ಬಾಂಬು ಹಾಕಬಹುದಾ?

ಮದ್ದು ಇಟ್ಟವರದ್ದು ಮೊದಲ ತಪ್ಪು. ಇಂಥ ಸ್ಮಾರಕಗಳನ್ನು ಅಪಾಯಕ್ಕೆ ಒಡ್ಡುವಂತೆ ಬಳಸಬಾರದು ಅಂತ 1954ರ ಹೇಗ್ ಒಪ್ಪಂದ ಇದೆ. ಭಾರತವೂ ಅದರಲ್ಲಿದೆ. ಹಾಗಾದ್ರೆ ಕಟ್ಟಡ ಈಗ ಸೇನೆಯ ಗುರಿ ಆಯಿತಾ? ಆಗಿರಬಹುದು. ಆದರೆ ಅಲ್ಲಿಗೇ ಕೈ ತೊಳೆದುಕೊಳ್ಳುವಂತಿಲ್ಲ. ಬೇರೆ ದಾರಿಯೇ ಇರಲಿಲ್ಲವಾ? ಒಳಗೆ ಹುಡುಗರು ಇದ್ದಾರಾ? ಸುತ್ತಲ ಓಣಿಯಲ್ಲಿ ಎಷ್ಟು ಮನೆ? ಸಿಗುವ ಸೇನಾ ಲಾಭದ ಎದುರು ಜನರಿಗೆ ಆಗುವ ಹಾನಿ ವಿಪರೀತವಾ? ಮೊದಲೇ ಎಚ್ಚರಿಕೆ ಕೊಡಬಹುದಾ? ಜನ ಇಲ್ಲದ ಹೊತ್ತು ನೋಡಬಹುದಾ? ಇಷ್ಟನ್ನೂ ಕೇಳಿಕೊಂಡ ಮೇಲೇ ದಾಳಿಯ ಮಾತು. ಮದ್ದು ಇಟ್ಟವನು ನಿಯಮ ಮುರಿದ ಅಂತ ಬಾಂಬು ಹಾಕುವವನ ಹೊಣೆ ಕಳಚಿಹೋಗುವುದಿಲ್ಲ. ಮಕ್ಕಳು ಇಲ್ಲೇ ಜಾಸ್ತಿ ಜಗಳಾಡುತ್ತಿದ್ದರು. "ಅವರೇ ಶುರು ಮಾಡಿದ್ದಲ್ವಾ ಮೇಡಂ" ಅಂತ ಒಬ್ಬರಾದರೂ ಕೇಳೋರು. ಯುದ್ಧ ಯಾರು ಶುರು ಮಾಡಿದರು, ನ್ಯಾಯ ಯಾರ ಕಡೆ ಅನ್ನುವುದಕ್ಕೆ ಬೇರೆ ಕಾನೂನು ಇದೆ. ಅದನ್ನು ಇಲ್ಲಿ ತಂದು ಬೆರೆಸಬೇಡ. ಬೆರೆಸಿದರೆ ಇಬ್ಬರೂ "ನಮ್ಮದೇ ನ್ಯಾಯ" ಅನ್ನುತ್ತಾರೆ, ಇಬ್ಬರೂ ಆಸ್ಪತ್ರೆ ಮೇಲೆ ಹೊಡೆಯುತ್ತಾರೆ. ಗಾಜಾ, ಉಕ್ರೇನ್ ಸುದ್ದಿ ಓದುವಾಗಲೂ ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡೇ ಓದು. ಕಷ್ಟ ಇದೆ, ಆದರೆ ಅದನ್ನು ಕಲಿಯದೆ ಈ ವಿಷಯ ಕೈಗೆ ಹತ್ತುವುದಿಲ್ಲ.

ಮಾವನಿಗೆ ತೋರಿಸಲು ಒಂದು ಕೇಸು ಹೇಳುತ್ತೇನೆ. 1969ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮೊಂತೇರೊ ಕೇಸು. ಗೋವಾ ಭಾರತಕ್ಕೆ ಸೇರಿದ ಮೇಲೆ ಪೋರ್ಚುಗೀಸ್ ಪೌರತ್ವವನ್ನೇ ಉಳಿಸಿಕೊಂಡ ಒಬ್ಬ ಪಾದ್ರಿ, ನಾಲ್ಕನೇ ಜಿನೀವಾ ಒಪ್ಪಂದದ ರಕ್ಷಣೆ ತನಗಿದೆ ಅಂತ ವಾದಿಸಿದರು. ಗೋವಾ ಭಾರತದ ಭಾಗವೇ ಆದ ಮೇಲೆ ಅದು ಆಕ್ರಮಿತ ಪ್ರದೇಶವಾಗಿ ಉಳಿಯಲಿಲ್ಲ ಎಂದಿತು ಕೋರ್ಟು. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ವ್ಯಕ್ತಿಗಳಿಗೆ ಕೋರ್ಟಿಗೆ ಬರುವ ಪ್ರತ್ಯೇಕ ಹಕ್ಕನ್ನೂ ಕೊಟ್ಟಿಲ್ಲ ಎಂದಿತು. ಆ ಕಾಯ್ದೆಯಡಿ ದೂರು ಕೊಡುವ ಅಧಿಕಾರ ಇರುವುದು ಸರ್ಕಾರಕ್ಕೆ. ಕೇಸು ಯಾಕೆ ಬರಲ್ಲ ಅನ್ನೋದಕ್ಕೆ ದೊಡ್ಡ ಕಾರಣ ಇದೇ. ಇದು ಬದಲಾಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಜಿನೀವಾ ಒಪ್ಪಂದಗಳಿಗೆ ಪೂರಕವಾಗಿ ಬಂದ 1977ರ ಎರಡು ಪ್ರೋಟೊಕಾಲ್‌ಗಳಿಗೂ ಭಾರತ ಇನ್ನೂ ಸೇರಿಲ್ಲ. ಹಾಗಾಗಿ ರೂಢಿಯಿಂದ ಬಂದ ನಿಯಮಗಳನ್ನೂ ನೀನು ಓದಬೇಕಾಗುತ್ತದೆ. ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ 2005ರಲ್ಲಿ ಅಂಥ 161 ನಿಯಮಗಳನ್ನು ಒಟ್ಟು ಮಾಡಿ ಕೊಟ್ಟಿದೆ. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಒಪ್ಪಂದಗಳ ವಿವರಣೆಯೂ ಅಲ್ಲೇ ಇದೆ.

ಕೆಲಸದ ಮಾತು. ಜಾಸ್ತಿ ಇಲ್ಲ, ಅದನ್ನು ಮುಚ್ಚಿಡಲ್ಲ. ಸೇನೆಯ ಜೆಎಜಿ ವಿಭಾಗ, ಅಂದ್ರೆ ಸೇನೆಯ ಕಾನೂನು ವಿಭಾಗ, ಕಾನೂನು ಪದವೀಧರರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತದೆ. ಅಲ್ಲಿ ಗಂಡಸರಿಗೆ ಹೆಚ್ಚು ಸೀಟು ಇಡುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ನಿನ್ನಂಥವರು ಅರ್ಜಿ ಹಾಕಲೇಬೇಕು. ರೆಡ್ ಕ್ರಾಸ್, ವಿಶ್ವಸಂಸ್ಥೆ, ಪಾಠ ಹೇಳುವ ಕೆಲಸ, ಇವು ಉಳಿದ ದಾರಿಗಳು. ದೆಹಲಿಯ ಇಂಡಿಯನ್ ಸೊಸೈಟಿ ಆಫ್ ಇಂಟರ್‌ನ್ಯಾಷನಲ್ ಲಾ ಈ ವಿಷಯದಲ್ಲಿ ಡಿಪ್ಲೊಮಾ ನಡೆಸುತ್ತದೆ. ಹೆನ್ರಿ ಡ್ಯೂನಾಂಟ್ ಹೆಸರಿನ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆಯೂ ಇದೆ. ನಿಮ್ಮ ಕಾಲೇಜಿನಿಂದ ಒಂದು ತಂಡ ಕಟ್ಟು. ಇಂಗ್ಲಿಷ್ ಮಾತಾಡಲು ಅಂಜಿಕೆ ಅಂತ ಹಿಂದೆ ಸರಿಯಬೇಡ. ನಮ್ಮ ಕಡೆ ಮಕ್ಕಳು ಅಂಕಕ್ಕಿಂತ ಆ ಅಂಜಿಕೆಯಿಂದಲೇ ಜಾಸ್ತಿ ಸೋಲುತ್ತಾರೆ.

ಪ್ರಶ್ನೆ: ಮೇಡಂ ಅವರೇ, 2019ರಲ್ಲಿ ನಮ್ಮ ವಿಂಗ್ ಕಮಾಂಡರ್ ಅಭಿನಂದನ್ ಅವರನ್ನು ಪಾಕಿಸ್ತಾನ ಹಿಡಿದಾಗ ಅವರ ವಿಡಿಯೊ ಟಿವಿಯಲ್ಲೆಲ್ಲ ಬಂತು. ಅದು ಸರಿಯಾ? ಯುದ್ಧ ಘೋಷಣೆಯೇ ಆಗಿರಲಿಲ್ಲ, ಹಾಗಾದ್ರೆ ಯುದ್ಧದ ಕಾನೂನು ಬರುತ್ತಾ?
– ಮಾಜಿ ಸೈನಿಕ, ಬೀದರ್

ಉತ್ತರ: ಅಣ್ಣಾರೆ, ಘೋಷಣೆ ಬೇಕಿಲ್ಲ. ಎರಡು ದೇಶಗಳ ನಡುವೆ ಸಶಸ್ತ್ರ ಸಂಘರ್ಷ ಆದರೆ ಸಾಕು, ಒಂದು ದೇಶ "ಇದು ಯುದ್ಧವಲ್ಲ" ಅಂದರೂ ಒಪ್ಪಂದ ಅನ್ವಯಿಸುತ್ತದೆ. ನಾಲ್ಕೂ ಒಪ್ಪಂದಗಳ 2ನೇ ವಿಧಿ ಹಾಗೇ ಹೇಳುತ್ತದೆ. ದೇಶದೊಳಗಿನ ಸಂಘರ್ಷಕ್ಕೆ 3ನೇ ವಿಧಿ ಇದೆ.

ವಿಡಿಯೊ ತಪ್ಪು. ಮೂರನೇ ಒಪ್ಪಂದದ 13ನೇ ವಿಧಿ ಕೈದಿಯನ್ನು ಹಿಂಸೆಯಿಂದ, ಅವಮಾನದಿಂದ, ಜನರ ಕುತೂಹಲದ ನೋಟದಿಂದಲೂ ಕಾಪಾಡಬೇಕು ಎನ್ನುತ್ತದೆ. ಅದೇ ವಿಡಿಯೊದಲ್ಲಿ ಅವರು ಕೆಲವು ಪ್ರಶ್ನೆಗೆ ಉತ್ತರ ಹೇಳಲು ಒಪ್ಪಲಿಲ್ಲ, ನೆನಪಿದೆಯಾ? ಮೇಲೆ ಹೇಳಿದ 17ನೇ ವಿಧಿಯ ಹಕ್ಕು ಅದು. ಫೆಬ್ರವರಿ 27ರಂದು ಸಿಕ್ಕವರು ಮಾರ್ಚ್ 1ರಂದು ವಾಪಸ್ ಬಂದರು. ನಮ್ಮ ಕೈಗೆ ಸಿಕ್ಕವರ ಫೋಟೊ, ವಿಡಿಯೊ ವಾಟ್ಸಾಪಿನಲ್ಲಿ ಓಡಾಡಿದರೂ ಇದೇ ನಿಯಮ. ಸೇವೆಯಲ್ಲಿದ್ದವರು ನೀವು. ಇದನ್ನು ನಿಮ್ಮ ಊರಿನ ಹುಡುಗರಿಗೆ ನೀವು ಹೇಳಿದರೆ ನಾನು ಹೇಳಿದ್ದಕ್ಕಿಂತ ಹೆಚ್ಚು ಕೇಳುತ್ತಾರೆ.

ಪ್ರಶ್ನೆ: ನಮ್ಮದು ಔಷಧಿ ಅಂಗಡಿ. ಬೋರ್ಡಿನ ಮೇಲೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಪ್ಲಸ್ ಗುರುತು ಇದೆ. ಅದು ಅಪರಾಧ ಅಂತ ಗಿರಾಕಿಯೊಬ್ಬರು ಹೇಳಿದರು. ನಿಜವಾ?
– ಅಂಗಡಿ ಮಾಲೀಕರು, ಯಾದಗಿರಿ

ಉತ್ತರ: ನಿಜ. ಅದು ರೆಡ್ ಕ್ರಾಸ್ ಲಾಂಛನ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ, ಬಳಸಿದರೆ ದಂಡ ಇದೆ. ಡಾಕ್ಟರ ಕಾರು, ಖಾಸಗಿ ಆಂಬುಲೆನ್ಸ್ ಮೇಲೂ ಇದೇ ಗುರುತು ಎಷ್ಟೋ ಕಡೆ ಕಾಣುತ್ತದೆ. ಯುದ್ಧಭೂಮಿಯಲ್ಲಿ ಅದನ್ನು ಕಂಡವನು ಗುಂಡು ಹಾರಿಸಬಾರದು. ಕಂಡ ಕಂಡಲ್ಲಿ ಬಳಸಿದರೆ ಆ ಗುರುತಿನ ಮೇಲಿನ ನಂಬಿಕೆ ಸಡಿಲವಾಗುತ್ತದೆ. ನೀವು ಹಸಿರು ಬಣ್ಣದ ಪ್ಲಸ್ ಹಾಕಿಸಿ. ಬಿಲ್ ಪುಸ್ತಕ, ಕವರುಗಳ ಮೇಲೂ ಕೆಂಪು ಗುರುತು ಇದ್ದರೆ ಮುಂದಿನ ಸಲ ಪ್ರಿಂಟ್ ಮಾಡಿಸುವಾಗ ತೆಗೆಸಿಬಿಡಿ.