ಶೆಲ್ಟರ್‌ನಿಂದ ತರುವುದಾದರೆ ಬೆಕ್ಕಿನ ಮರಿಯೇ ಆಗಬೇಕಾ?

ಬೆಂಗಳೂರಿನಲ್ಲಿ ಬಾಡಿಗೆ ಮನೆ, ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ, ಶೆಲ್ಟರ್‌ನಿಂದ ಬೆಕ್ಕು ತರುವ ಆಸೆ ಇದೆ, ಆದರೆ ಮರಿಯಾದರೆ ಮಾತ್ರ ನಮಗೆ ಹೊಂದಿಕೊಳ್ಳುತ್ತದೆ ಅಂತಾರಲ್ಲ, ನಿಜವಾ ಎಂದು ಕೇಳಿದ್ದೀರಿ.

ನಿಜ ಅಲ್ಲ. ನಿಮ್ಮ ಮನೆಗೆ ದೊಡ್ಡ ಬೆಕ್ಕೇ ಸರಿ. ನಾನೂ ಮರಿ ತರಲು ಹೋಗಿ, ನಾಲ್ಕು ವರ್ಷದ ಬೆಕ್ಕನ್ನು ಮನೆಗೆ ತಂದವಳು.

ಅವತ್ತು ಶೆಲ್ಟರ್‌ನಲ್ಲಿ ಮರಿಗಳ ಗೂಡಿನ ಮುಂದೆ ಜನವೋ ಜನ. ಮೂಲೆಯ ಗೂಡಿನಲ್ಲಿ ಒಂದು ಕಪ್ಪು ಬೆಕ್ಕು ಗೋಡೆ ಕಡೆ ಮುಖ ಮಾಡಿ ಕೂತಿತ್ತು. ಸಾಕಿದವರು ಮನೆ ಖಾಲಿ ಮಾಡುವಾಗ ಬಿಟ್ಟು ಹೋಗಿದ್ದರಂತೆ. ಬೀಗ ಹಾಕಿದ ಆ ಬಾಗಿಲ ಮುಂದೆ ಎಂಟು ದಿನ ಕಾದಿತ್ತಂತೆ. ಶೆಲ್ಟರ್‌ಗೆ ಬಂದು ಏಳು ತಿಂಗಳಾಗಿತ್ತು. "ಕರಿ ಬೆಕ್ಕು, ಅದೂ ದೊಡ್ಡದು. ಯಾರೂ ಕೇಳಲ್ಲ ಮೇಡಂ" ಅಂದರು ಅಲ್ಲಿನ ಹುಡುಗಿ. ನನಗೆ ಮುಂದೆ ಹೆಜ್ಜೆ ಇಡಲು ಆಗಲಿಲ್ಲ.

ಕೇಳಿದ ಕೂಡಲೇ ಕೊಡಲಿಲ್ಲ. ಓನರ್ ಒಪ್ಪಿದ್ದಾರಾ, ಬಾಲ್ಕನಿಗೆ ನೆಟ್ ಇದೆಯಾ, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು ಎಂದೆಲ್ಲ ಕೇಳಿದರು. ಮನೆಗೂ ಬಂದು ನೋಡಿದರು. ನೆಟ್ ಹಾಕಿಸಿದ ಮೇಲೆಯೇ ಕಳಿಸಿದರು. ಇಷ್ಟೆಲ್ಲ ಕೇಳುವವರ ಹತ್ತಿರವೇ ತನ್ನಿ. ಏನೂ ಕೇಳದೆ ಕೊಡುವವರ ಬಗ್ಗೆ ನನಗೆ ನಂಬಿಕೆ ಕಡಿಮೆ.

ಸಂಕ್ರಾಂತಿಯ ವಾರ ಮನೆಗೆ ಬಂತು. ಅದಕ್ಕೇ ಎಳ್ಳು ಅಂತ ಹೆಸರಿಟ್ಟೆವು. ಹಬ್ಬಕ್ಕೆ ಬಂದಿದ್ದ ಅಮ್ಮ "ಹೊರಡುವಾಗ ಕರಿ ಬೆಕ್ಕು ಅಡ್ಡ ಬಂದರೇ ಅಪಶಕುನ, ಅದನ್ನು ಮನೆಗೇ ತಂದು ಇಟ್ಟುಕೊಳ್ಳುವುದಾ?" ಎಂದು ನಿಜವಾಗಿ ನೊಂದುಕೊಂಡರು.

ಎಳ್ಳು ಮಾತ್ರ ಯಾರಿಗೂ ಅಡ್ಡ ಬರಲಿಲ್ಲ. ಮಂಚದ ಕೆಳಗೆ ಸೂಟ್‌ಕೇಸ್ ಹಿಂದೆ ಸೇರಿಕೊಂಡಿತು. ರಾತ್ರಿ ನಾವು ಮಲಗಿದ ಮೇಲೆ ಬಂದು ತಿನ್ನುತ್ತಿತ್ತು. ಬೆಳಗ್ಗೆ ಖಾಲಿ ಬಟ್ಟಲು ನೋಡಿ ನಮಗೆ ಸಮಾಧಾನ. (ಹೊಸ ಬೆಕ್ಕು ಅಡಗಿದರೆ ಗಾಬರಿ ಬೇಡ. ಆದರೆ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಊಟ ಬಿಟ್ಟ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ.) ಕೈ ಹಾಕಿ ಎಳೆಯಬೇಡಿ, ನೆಲದ ಮೇಲೆ ಸುಮ್ನೆ ಕೂತಿರಿ, ಅದು ನೋಡಿದಾಗ ನಿಧಾನಕ್ಕೆ ಕಣ್ಣು ಮುಚ್ಚಿ ತೆಗೆಯಿರಿ ಎಂದು ಶೆಲ್ಟರ್ ಹುಡುಗಿ ಹೇಳಿಕೊಟ್ಟಿದ್ದಳು. ದಿನಾ ರಾತ್ರಿ ಹಾಗೇ ಕೂರುತ್ತಿದ್ದೆ.

ಹತ್ತೊಂಬತ್ತನೇ ದಿನ ಕರೆಂಟ್ ಹೋಗಿತ್ತು. ಮೇಣದಬತ್ತಿ ಹಚ್ಚಿ ಅಡುಗೆಮನೆಯ ನೆಲದ ಮೇಲೆ ಬಟಾಣಿ ಬಿಡಿಸುತ್ತಾ ಕೂತಿದ್ದೆ. ಒಂದು ಕಾಳು ಜಾರಿ ಉರುಳಿತು. ಕತ್ತಲಿಂದ ಒಂದು ಪಂಜ ಬಂದು ಅದನ್ನು ತಡೆಯಿತು. ಆಮೇಲೆ ಮುಖ. ನಾನು ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿ ತೆಗೆದೆ. ಅದೂ ಮುಚ್ಚಿ ತೆಗೆಯಿತು. ಹತ್ತಿರ ಬಂದು ಹಣೆಯನ್ನು ನನ್ನ ಮೊಣಕಾಲಿಗೆ ಒತ್ತಿ ಹಾಗೇ ನಿಂತುಬಿಟ್ಟಿತು. ಗುರ್ ಗುರ್ ಅನ್ನುವ ಸದ್ದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಯಿತು. ಎಂಟು ದಿನ ಬಾಗಿಲು ಕಾದ ಜೀವ ಇನ್ನೊಬ್ಬರನ್ನು ನಂಬಿತಲ್ಲ ಎಂದು ಅತ್ತುಬಿಟ್ಟೆ. ದತ್ತು ತರುವ ಖುಷಿ ಏನು ಅಂತ ಕೇಳಿದರೆ ನಾನು ಹೇಳುವುದು ಇದೇ ರಾತ್ರಿ.

ದೊಡ್ಡ ಬೆಕ್ಕು ಸುಲಭವೂ ಹೌದು. ಸ್ವಭಾವ ಏನು ಅಂತ ಮೊದಲೇ ಗೊತ್ತಿರುತ್ತದೆ. ಎಳ್ಳುವಿಗೆ ಮರಿಯಾಗದಂತೆ ಮಾಡುವ ಆಪರೇಷನ್, ಲಸಿಕೆ ಎಲ್ಲ ಶೆಲ್ಟರ್‌ನಲ್ಲೇ ಆಗಿತ್ತು, ಮಲಮೂತ್ರಕ್ಕೆ ಮಣ್ಣಿನ ಟ್ರೇ ಬಳಸುವ ಅಭ್ಯಾಸವೂ ಇತ್ತು. ಮರಿಯಾದರೆ 8 ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಮತ್ತೊಂದು, ಆಮೇಲೆ ರೇಬೀಸ್‌ದು. ನಾಲ್ಕೈದು ತಿಂಗಳಿಗೇ ಹೆಣ್ಣುಮರಿ ಗಬ್ಬವಾಗಬಹುದು. ಎಲ್ಲಕ್ಕಿಂತ ಜಾಸ್ತಿ, ದಿನವಿಡೀ ಅದನ್ನು ಒಂಟಿಯಾಗಿ ಬಿಡುವುದು ಪಾಪ. ಮರಿಯೇ ಬೇಕಾದರೆ ಜೋಡಿ ತನ್ನಿ.

ಹಾಲಿಡಬೇಡಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣ ಆಗಲ್ಲ. ತೆನಾಲಿ ರಾಮನ ಬೆಕ್ಕು ಬಾಯಿ ಸುಟ್ಟುಕೊಂಡು ಹಾಲು ಬಿಟ್ಟಿತು, ನಮ್ಮದಕ್ಕೆ ನಾವೇ ಬಿಡಿಸಿದ್ದೇವೆ. ಬರೀ ಮೊಸರನ್ನದಲ್ಲೂ ಬೆಕ್ಕು ಬದುಕಲ್ಲ, ಅದಕ್ಕೆ ಮಾಂಸದ ಆಹಾರವೇ ಬೇಕು. ನಮ್ಮದು ಸಸ್ಯಾಹಾರಿ ಮನೆ, ಪ್ಯಾಕೆಟ್ಟಿನ ಬೆಕ್ಕಿನ ಆಹಾರ ತರುತ್ತೇವೆ. ಪ್ಯಾರಾಸಿಟಮಾಲ್ ಒಂದು ತುಂಡೂ ಅದರ ಬಾಯಿಗೆ ಹೋಗಬಾರದು, ಜೀವವೇ ಹೋಗಬಹುದು. ಲಿಲ್ಲಿ ಹೂವನ್ನೂ ಮನೆಯಲ್ಲಿ ಇಡಬೇಡಿ.

ಅಪಾರ್ಟ್‌ಮೆಂಟಿನವರು ತಕರಾರು ತೆಗೆದರೆ, ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಓನರ್ ಹತ್ತಿರ ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಅಮ್ಮ ಈಗ ಫೋನ್ ಮಾಡಿದರೆ "ಎಳ್ಳು ತಿಂತಾ?" ಅಂತಲೇ ಶುರು ಮಾಡುತ್ತಾರೆ. ಬಂದಾಗ ಅದು ಕಾಲಿಗೆ ಸುತ್ತಿಕೊಂಡರೆ ಹೊರಡುವುದನ್ನೇ ನಿಲ್ಲಿಸಿ ಕೂರುತ್ತಾರೆ.

ಸಾಧ್ಯವಾದರೆ ಜನ ಕಡಿಮೆ ಇರುವ ದಿನ ಶೆಲ್ಟರ್‌ಗೆ ಹೋಗಿ. ಎಲ್ಲಕ್ಕಿಂತ ಜಾಸ್ತಿ ದಿನದಿಂದ ಇಲ್ಲೇ ಇರುವ ಬೆಕ್ಕು ಯಾವುದು ಎಂದು ಕೇಳಿ. ಅದರ ಮುಂದೆ ಅರ್ಧ ಗಂಟೆ ನೆಲದ ಮೇಲೆ ಸುಮ್ನೆ ಕೂತುಕೊಳ್ಳಿ.