ಮೈಕ್ ಮುಂದೆ ಒಂದು ನಿಮಿಷ

ಸುಮಾ ನನ್ನ ಬಳಿ ಕೌನ್ಸೆಲಿಂಗ್‌ಗೆ ಮೊದಲ ದಿನ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್ ಇತ್ತು. ಕೂರುವುದಕ್ಕೂ ಮೊದಲೇ ಅದರಿಂದ ಮೂರು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಎ, ಬಿ, ಸಿ. ಮೂರರಲ್ಲೂ ಅದೇ ಊರು, ಅವೇ ಶಾಲೆಗಳು, ಬಣ್ಣ ಮಾತ್ರ ಬೇರೆ ಬೇರೆ. ತಮ್ಮ ಮನೆಗೆ ಹಳದಿ ಹೈಲೈಟರ್‌ನಲ್ಲಿ ಸುತ್ತು ಹಾಕಿದ್ದರು. 50 ನಿಮಿಷದ ಭೇಟಿಯಲ್ಲಿ 40 ನಿಮಿಷ ನಕ್ಷೆಯದೇ ಮಾತು. ಏಳುವ ಹೊತ್ತಿಗೆ, "ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ ಮೇಡಂ, ಆಮೇಲೆ ನಿದ್ದೆನೇ ಬರಲ್ಲ" ಅಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಹುಟ್ಟೂರು, ಮಕ್ಕಳ ವಯಸ್ಸು ಎಲ್ಲ ಬದಲಿಸಿದ್ದೇನೆ. ಶಾಲೆ ಯಾವುದು ಅಂತ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾ ಅಂದರೆ ಸಾಕು.

ಕರ್ನಾಟಕದಲ್ಲಿ ಇರುವವರಿಗೆ ಸ್ವಲ್ಪ ವಿವರಿಸಬೇಕು. ಇಲ್ಲಿ ಸರ್ಕಾರಿ ಶಾಲೆ ಸಿಗುವುದು ಮನೆಯ ವಿಳಾಸದ ಮೇಲೆ. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನವರು ನಕ್ಷೆಯಲ್ಲಿ ಗೆರೆ ಎಳೆದಿರುತ್ತಾರೆ. ಗೆರೆಯ ಈಚೆಗಿನ ಮಗು ಈ ಶಾಲೆಗೆ, ಆಚೆಗಿನದು ಆ ಶಾಲೆಗೆ. ಹಾಗಾಗಿ ಜನ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಶಾಲೆ ನೋಡುತ್ತಾರೆ. ಒಂದೇ ರಸ್ತೆಯ ಎರಡು ಬದಿಯ ಮನೆಗಳ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರುವುದುಂಟು. ಆ ಗೆರೆ ಕದಲಿತು ಅಂದರೆ ಊರಿಗೆ ಊರೇ ಎದ್ದು ಕೂರುತ್ತದೆ.

ಗೆರೆ ಸುಮ್ನೆ ಕದಲುವುದಿಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2019-20ರಲ್ಲಿ ಸುಮಾರು 62 ಲಕ್ಷ ಮಕ್ಕಳಿದ್ದರು. 2023-24ಕ್ಕೆ ಅದು 58 ಲಕ್ಷದ ಆಸುಪಾಸಿಗೆ ಇಳಿಯಿತು. ಹುಟ್ಟುವ ಮಕ್ಕಳು ಕಡಿಮೆಯಾಗಿದ್ದಾರೆ. ಬೇ ಏರಿಯಾದಲ್ಲಂತೂ ಮನೆಗಳ ಬೆಲೆಗೆ ಹೆದರಿ ಚಿಕ್ಕ ಮಕ್ಕಳಿರುವವರು ಬೇರೆ ಕಡೆ ಹೋಗುತ್ತಿದ್ದಾರೆ. ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ದುಡ್ಡು ಬರುವುದು ಮಕ್ಕಳ ಹಾಜರಿಯ ಲೆಕ್ಕದಲ್ಲಿ, ಆದ್ದರಿಂದ ಖಾಲಿ ಕೋಣೆ ಅಂದರೆ ನಷ್ಟ. ಸುಮಾ ಅವರ ಶಾಲೆಯಲ್ಲಿ ಕೆಲವು ಕೋಣೆ ಖಾಲಿ ಬಿದ್ದಿದ್ದವು. ಇನ್ನೊಂದು ಶಾಲೆಯಲ್ಲಿದ್ದ ಮ್ಯಾಂಡರಿನ್ ಇಮ್ಮರ್ಶನ್ (ಚೀನಿ ಭಾಷೆಯಲ್ಲೂ ಪಾಠ ಮಾಡುವ) ತರಗತಿಗಳಿಗೆ ಜಾಗ ಸಾಲುತ್ತಿರಲಿಲ್ಲ. 1998ರಲ್ಲಿ ಇಲ್ಲಿನ ಮತದಾರರೇ ಇಂಥ ಎರಡು ಭಾಷೆಯ ಕಲಿಕೆಗೆ ಬಿಗಿ ಹಾಕಿದ್ದರು, 2016ರಲ್ಲಿ ಅವರೇ ಸಡಿಲ ಮಾಡಿದರು. ಈಗ ಅದಕ್ಕೆ ಬೇಡಿಕೆ ಜಾಸ್ತಿ. ಆ ಮಕ್ಕಳು ಲಾಟರಿ ಎತ್ತಿ ಇಡೀ ಡಿಸ್ಟ್ರಿಕ್ಟ್‌ನಿಂದ ಬಂದವರು, ಅಕ್ಕಪಕ್ಕದವರಲ್ಲ. ಹಾಗಾಗಿ ಆ ತರಗತಿಗಳನ್ನು ಎತ್ತಿ ಬೇರೆ ಕಡೆ ಇಡುವುದು ಸುಲಭ ಅಂತ ಡಿಸ್ಟ್ರಿಕ್ಟ್‌ನ ತೀರ್ಮಾನ ಮಾಡುವ ಬೋರ್ಡ್ ಲೆಕ್ಕ ಹಾಕಿತು. ಆದರೆ ಸುಮಾ ಅವರ ಶಾಲೆಗೆ ಅಷ್ಟೂ ತರಗತಿ ಬಂದರೆ ಖಾಲಿ ಕೋಣೆ ಸಾಲದು. ಈಗಿರುವ ಮಕ್ಕಳಲ್ಲಿ ಕೆಲವರು ಹೊರಗೆ ಹೋಗಬೇಕು.

ಯಾರು ಹೋಗಬೇಕು? ಮೂರು ನಕ್ಷೆ ಇದ್ದದ್ದು ಅದಕ್ಕೇ. 'ಎ'ಯಲ್ಲಿ ಸುಮಾ ಅವರ ಬೀದಿ ಹೊರಗೆ. 'ಬಿ'ಯಲ್ಲಿ ದೊಡ್ಡ ರಸ್ತೆಯ ಆಚೆಗಿನ ಅಪಾರ್ಟ್‌ಮೆಂಟ್‌ಗಳು ಹೊರಗೆ. 'ಸಿ' ಎರಡರ ಕಲಸುಮೇಲೋಗರ, ಅದು ಯಾರಿಗೂ ಬೇಡವಾಗಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನಾನೂ ಇಲ್ಲೇ ಮಗನನ್ನು ಓದಿಸಿದವಳು, ಇಂಥ ಜಗಳ ಒಂದನ್ನು ದಾಟಿ ಬಂದವಳು. ಹಾಗಾಗಿ ಎರಡನೇ ಭೇಟಿಯಲ್ಲಿ ಬುದ್ಧಿ ಹೇಳುವ ಉಮೇದು ಬಂತು. ಡಿಸ್ಟ್ರಿಕ್ಟ್ ಒಳಗೇ ಬೇರೆ ಶಾಲೆಗೆ ವರ್ಗ ಕೇಳಬಹುದು, ಜಾಗ ಖಾಲಿ ಇದ್ದರೆ ಕೊಡುವ ವ್ಯವಸ್ಥೆ ಇರಲೇಬೇಕು ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಈಗಾಗಲೇ ಓದುತ್ತಿರುವ ಮಕ್ಕಳನ್ನು ಅಲ್ಲೇ ಮುಗಿಸಲು ಬಿಡುವ 'ಗ್ರ್ಯಾಂಡ್‌ಫಾದರಿಂಗ್' ಬಗ್ಗೆ ಬೋರ್ಡನ್ನು ಕೇಳಿ, ತಮ್ಮ ತಂಗಿ ಇದ್ದರೆ ಅವರಿಗೂ ಅದು ಸಿಗುತ್ತದಾ ಅಂತ ಬರಹದಲ್ಲಿ ಕೇಳಿ. ಹೀಗೆ ಒಂದೇ ಸಮ ಹೇಳುತ್ತಾ ಹೋದೆ. ಎಲ್ಲವೂ ಸರಿಯಾದ ಮಾಹಿತಿಯೇ. ಸುಮಾ ತಲೆ ಆಡಿಸುತ್ತಾ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ನಮ್ಮ ಬೀದಿ ಹೋಗಲ್ಲ ಮೇಡಂ. ಬೋರ್ಡ್‌ನಲ್ಲಿ ಜಾಸ್ತಿ ಜನ 'ಬಿ' ಕಡೆಗೇ ಇದ್ದಾರೆ" ಅಂದರು.

ಅಂದರೆ ಇವರು ಗೆದ್ದಾಗಿತ್ತು. ಹಾಗಾದರೆ ಮೂರು ಗಂಟೆಗೆ ಎಚ್ಚರ ಯಾಕೆ?

ಮೂರನೇ ಭೇಟಿಯಲ್ಲಿ ವಿದ್ಯಾ ಹೆಸರು ಬಂತು.

ಸುಮಾ ಹಾಸನದ ಕಡೆಯವರು, ವಿದ್ಯಾ ಶಿವಮೊಗ್ಗದವರು. ಇಬ್ಬರೂ ಒಂದೇ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್‌ನಲ್ಲಿ ಮೇಲೆ ಕೆಳಗೆ ಇದ್ದವರು. ಸುಮಾ ಹೆರಿಗೆ ಹೊತ್ತಿಗೆ ಅಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡಿದ್ದು ವಿದ್ಯಾ. ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿಪುಡಿ, ಮಗುವಿಗೆ ಎಣ್ಣೆನೀರು, ಎಲ್ಲ. ಎರಡು ಮನೆಯ ಹೆಣ್ಣುಮಕ್ಕಳೂ ಈಗ ಮೂರನೇ ಕ್ಲಾಸು, ಒಂದೇ ಟೀಚರ್. ನಾಲ್ಕು ವರ್ಷದ ಹಿಂದೆ ಸುಮಾ ಅವರಿಗೆ ಗ್ರೀನ್ ಕಾರ್ಡ್ ಬಂತು, ರಸ್ತೆ ದಾಟಿ ಮನೆ ಕೊಂಡರು. ವಿದ್ಯಾ ಮನೆಯವರ ಅರ್ಜಿ ಇನ್ನೂ ಸಾಲಿನಲ್ಲಿದೆ. ಒಂದು ದೇಶದವರಿಗೆ ವರ್ಷಕ್ಕೆ ಇಂತಿಷ್ಟೇ ಅಂತ 7 ಪರ್ಸೆಂಟ್ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಮೀರಿ ಬೆಳೆದಿದೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಹೊಸ ಕೆಲಸ ಹುಡುಕಲು 60 ದಿನ. ಆ ಭಯದಲ್ಲಿ ಮೂವತ್ತು ವರ್ಷದ ಸಾಲ ಮಾಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಒಂಬತ್ತು ವರ್ಷದಿಂದ ವಿದ್ಯಾ ಅದೇ ಮನೆಯಲ್ಲಿದ್ದಾರೆ.

ಇನ್ನು ಬೋರ್ಡ್ ಮೀಟಿಂಗ್. ಸಾರ್ವಜನಿಕರು ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ ಅಂತ ಹೇಳಿದ್ದರು. ಸುಮಾ ಮೂರು ನಿಮಿಷಕ್ಕೆ ಸರಿಯಾಗಿ ಬರೆದುಕೊಂಡಿದ್ದರು. ಮೊದಲ ಭಾಗದಲ್ಲಿ ರಸ್ತೆಯ ಎರಡೂ ಕಡೆಯ ಮಕ್ಕಳು ಒಟ್ಟಿಗೆ ಬೆಳೆದ ವಿಷಯ. ಎರಡನೆಯದರಲ್ಲಿ ಒಂದು ವರ್ಷ ತಡೆಯಿರಿ ಅನ್ನುವ ಮನವಿ. ಕೊನೆಯ ಭಾಗ ಇವರದ್ದಲ್ಲ, ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದು ಸೇರಿಸಿದ್ದು. ಆ ದಿನ ತೊಂಬತ್ತಕ್ಕೂ ಜಾಸ್ತಿ ಜನ ಚೀಟಿ ಕೊಟ್ಟಿದ್ದರು. ಅಧ್ಯಕ್ಷರು ಸಮಯವನ್ನು ಒಂದು ನಿಮಿಷಕ್ಕೆ ಇಳಿಸಿದರು. ಇದು ಇಲ್ಲಿ ಮಾಮೂಲು. ಸುಮಾ ಸರದಿ ಬಂದಾಗ ರಾತ್ರಿ ಹತ್ತೂವರೆ. ಗಾಬರಿಯಲ್ಲಿ ಮೊದಲ ಎರಡು ಭಾಗ ಬಿಟ್ಟು ಕೊನೆಯದನ್ನು ಓದಿದರು.

ನನ್ನ ಮುಂದೆ ಅದನ್ನು ಕನ್ನಡದಲ್ಲಿ ಹೇಳಿದರು, ನೆಲ ನೋಡಿಕೊಂಡು. "ಅಪಾರ್ಟ್‌ಮೆಂಟ್‌ನವರು ಬಾಡಿಗೆಯವರು, ಎರಡು ವರ್ಷ ಇದ್ದು ಹೋಗುತ್ತಾರೆ. ಈ ಶಾಲೆ ಬೆಳೆಸಿದ್ದು ಇಲ್ಲೇ ಮನೆ ಮಾಡಿ ನೆಲೆ ನಿಂತವರು. ಗೆರೆ ಎಳೆಯಲೇಬೇಕಾದರೆ ಆ ಕಡೆ ಎಳೆಯಿರಿ."

ಮೀಟಿಂಗ್ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಆಗುತ್ತಿತ್ತು. ವಿದ್ಯಾ ಮನೆಯಲ್ಲಿ ಮಗಳನ್ನು ಮಲಗಿಸಿ ನೋಡುತ್ತಾ ಕೂತಿದ್ದರು.

"ಅವಳು ಏನೂ ಅನ್ನಲಿಲ್ಲ ಮೇಡಂ. ಬೈದಿದ್ರೆ ಚೆನ್ನಾಗಿರ್ತಿತ್ತು. ಅವಳ ಸ್ಟೀಲ್ ಡಬ್ಬಿ ಐದು ವಾರದಿಂದ ನಮ್ಮನೇಲೇ ಇದೆ. ಅದಕ್ಕೂ ಒಂದು ವಾರ ಮುಂಚೆ ಕೋಡುಬಳೆ ಕೊಟ್ಟು ಕಳಿಸಿದ್ದಳು."

ಒಂದು ಸಲ ಅವರ ಯಜಮಾನರನ್ನೂ ಕರೆಸಿದೆ. ಅವರದು ನೇರ ಮಾತು. "ಇವಳು ಸುಳ್ಳೇನೂ ಹೇಳಿಲ್ಲವಲ್ಲ? ತೆರಿಗೆ ಕಟ್ಟೋರು ನಾವು." ಈ ಮಾತು ನಾನು ಬಹಳ ಕೇಳಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಆಸ್ತಿ ತೆರಿಗೆ ಹಾಕುವುದು ಮನೆ ಕೊಂಡಾಗಿನ ಬೆಲೆಯ ಮೇಲೆ. ಆ ಲೆಕ್ಕದ ಬೆಲೆ ವರ್ಷಕ್ಕೆ ಹೆಚ್ಚೆಂದರೆ 2 ಪರ್ಸೆಂಟ್ ಏರಬಹುದು. ಮೂವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರಿಗಿಂತ ಹೊಸದಾಗಿ ಕೊಂಡವರು ಎಷ್ಟೋ ಪಟ್ಟು ಕಟ್ಟುತ್ತಾರೆ. ಹೊಟ್ಟೆ ಉರಿಯುವುದು ಸಹಜ. ಬಾಡಿಗೆಯಲ್ಲೂ ಮಾಲೀಕನ ತೆರಿಗೆ ಸೇರಿರುತ್ತದೆ ಅಂದೆ, ಅವರಿಗೆ ಹಿಡಿಸಲಿಲ್ಲ. ಕೊನೆಗೆ ಇಷ್ಟು ಹೇಳಿದೆ: ಮನೆ ಬೆಲೆ ಬಿದ್ದೀತು ಅನ್ನುವ ಭಯ ನಿಮಗಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಅದನ್ನು ನಿಮ್ಮ ಭಯ ಅಂತಲೇ ಬೋರ್ಡ್ ಮುಂದೆ ಹೇಳಿ. ಆಚೆಯವರ ಮಕ್ಕಳು ಎಂಥವರು ಅನ್ನುವ ಮಾತು ಅದರಲ್ಲಿ ಯಾಕೆ ಬೇಕು? ಅವರು ಉತ್ತರ ಕೊಡಲಿಲ್ಲ, ಮತ್ತೆ ಬರಲೂ ಇಲ್ಲ.

ಸುಮಾ ಅವರಿಗೆ ನಾನು ಕೊಟ್ಟ ಸಲಹೆ ನೆಗಡಿಗೆ ಕಷಾಯ ಹೇಳಿದ ಹಾಗೆ ಸಾದಾ. ಬೀದಿಯ ಗ್ರೂಪನ್ನು ರಾತ್ರಿ ಎಂಟರ ಮೇಲೆ ತೆರೆಯಬೇಡಿ, ಆಗದಿದ್ದರೆ ಹೊರಗೆ ಬಂದುಬಿಡಿ. ಮೂರು ಗಂಟೆಯ ಎಚ್ಚರ ಅರ್ಧ ಆ ಫೋನಿನಿಂದ. ಇನ್ನರ್ಧಕ್ಕೆ ವಿದ್ಯಾ ಮನೆಗೆ ಹೋಗಬೇಕು. ಒಬ್ಬರೇ ಹೋಗಿ. ಮಗಳನ್ನು ಕರೆದುಕೊಂಡು ಹೋದರೆ ಮಗು ಮುಂದೆ ಅವರು ನಗಲೇಬೇಕಾಗುತ್ತದೆ, ಆ ಕಷ್ಟ ಕೊಡಬೇಡಿ.

"ಏನಂತ ಹೇಳಲಿ?"

"ನೀವೇ ಹೇಳಿ ನೋಡೋಣ."

ಶುರು ಮಾಡಿದರು. "ಟೈಮ್ ಒಂದು ನಿಮಿಷಕ್ಕೆ ಇಳಿಸಿದ್ರು ಕಣೇ, ನಾನು ಬರೆದದ್ದು ಬೇರೆನೇ ಇತ್ತು, ಕೊನೇದು ನಾನು ಬರೆದಿದ್ದಲ್ಲ..." ಅಲ್ಲಿಗೆ ನಿಲ್ಲಿಸಿದೆ. ಅದೆಲ್ಲ ನಿಜ. ಆದರೆ ಒಂದು ನಿಮಿಷ ಸಿಕ್ಕಾಗ ಮೂರರಲ್ಲಿ ಆ ಭಾಗವನ್ನೇ ಆರಿಸಿದ್ದು ಇವರು. ಅದು ಅವರಿಗೂ ಗೊತ್ತು, ನಿದ್ದೆ ಬಾರದ್ದು ಅದಕ್ಕೇ ಅಂತ ನನ್ನ ಅನುಮಾನ. ಕಾರಣ ಹೇಳಿದರೆ ವಿದ್ಯಾ "ಪರವಾಗಿಲ್ಲ ಬಿಡು" ಅನ್ನಬೇಕಾಗುತ್ತದೆ. ಕ್ಷಮೆ ಕೇಳಲು ಹೋದವರು ಸಮಾಧಾನ ಮಾಡಿಸಿಕೊಂಡು ಬಂದ ಹಾಗಾಗುತ್ತದೆ. ನಾಲ್ಕೈದು ಸಲ ತಿದ್ದಿದ ಮೇಲೆ ಉಳಿದದ್ದು ಇಷ್ಟು: "ನಾನು ನಿನ್ನ ಬಗ್ಗೆನೇ ಹಾಗಂದೆ. ಅದು ತಪ್ಪು. ನೀನು ಬೈದ್ರೂ ಕೇಳಿಸ್ಕೋತೀನಿ." ಇದನ್ನು ಹೇಳಿ ಸುಮ್ಮನಿರಬೇಕು. ಅವರಿಗೆ ಸುಮ್ಮನಿರುವುದೇ ಕಷ್ಟ ಆಯಿತು. ನನ್ನೆದುರಿಗೇ ಎರಡು ಸಲ ಅಭ್ಯಾಸ ಮಾಡಿದರು.

ಡಬ್ಬಿ ಬಗ್ಗೆಯೂ ಕೇಳಿದರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನಮ್ಮಲ್ಲಿದೆ ಅಲ್ವಾ? ಒಬ್ಬಟ್ಟು ಮಾಡಿಕೊಂಡು ಹೋಗಲಾ ಅಂದರು. ಬೇಡ ಅಂದೆ. ಮಾಮೂಲಾಗಿ ಏನು ಹಾಕುತ್ತಿದ್ದಿರೋ ಅದನ್ನೇ ಹಾಕಿ. "ಸುಮ್ನೆ ಒಂದು ಹಿಡಿ ಸಕ್ಕರೆ ಹಾಕ್ತಿದ್ದೆ" ಅಂದರು. ಅದೇ ಸಾಕು ಅಂದೆ.

ಮುಂದಿನ ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತು ಹಿಂದಕ್ಕೆ ತೆಗೆದುಕೊಳ್ಳಲಾ ಅಂತಲೂ ಕೇಳಿದರು. ಮೈಕಿನಲ್ಲಿ ಆಡಿದ್ದನ್ನು ಮೈಕಿನಲ್ಲೇ ಸರಿಮಾಡುವುದು ನ್ಯಾಯ. ಆದರೆ ಮೊದಲು ವಿದ್ಯಾ ಮನೆ, ಆಮೇಲೆ ಮೈಕ್. ವಿದ್ಯಾ ಹೆಸರು ಎತ್ತಬಾರದು. ಇನ್ನೊಂದು ವಿಷಯಕ್ಕೂ ತಯಾರು ಮಾಡಿದೆ. ಜನ ಮಾತಾಡುವಾಗ ಬೋರ್ಡ್‌ನವರು ಸಾಮಾನ್ಯವಾಗಿ ಮಧ್ಯೆ ಉತ್ತರ ಕೊಡುವುದಿಲ್ಲ. ಅಜೆಂಡಾದಲ್ಲಿ ಇಲ್ಲದ ವಿಷಯ ಚರ್ಚಿಸಲು ಸಾರ್ವಜನಿಕ ಸಭೆಗಳಿಗೆ ನಿಯಮ ಹಾಕುವ 1953ರ ಬ್ರೌನ್ ಕಾಯ್ದೆಯೂ ಅವರಿಗೆ ಬಿಡುವುದಿಲ್ಲ. ಅವರ ಮುಖ ಕಲ್ಲಿನ ಹಾಗಿದ್ದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ. ಮಾತಾಡಿ ಬಂದು ಕೂತುಬಿಡಿ ಅಂದೆ.

ಮಗಳ ವಿಷಯ ನಾನೇ ಎತ್ತಿದೆ. ಆ ಮಗು ಮನೆಯಲ್ಲಿ "ಅಪಾರ್ಟ್‌ಮೆಂಟ್ ಕಿಡ್ಸ್" ಅನ್ನುವ ಮಾತು ತಿಂಗಳುಗಟ್ಟಲೆ ಕೇಳಿತ್ತು. ಒಂದು ದಿನ, "ನಾನೂ ಮೊದಲು ಅಪಾರ್ಟ್‌ಮೆಂಟ್ ಕಿಡ್ ಆಗಿದ್ನಾ?" ಅಂತ ಕೇಳಿತಂತೆ. ಸುಮಾ ಮಾತು ಮರೆಸಿದ್ದರು. ಹೌದು ಅಂತ ಹೇಳಿ, ಆ ಮನೆಯ ಫೋಟೋ ತೋರಿಸಿ ಅಂದೆ. ಬಾಲ್ಕನಿಯಲ್ಲಿ ವಿದ್ಯಾ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿರುವ ಫೋಟೋ ಒಂದಿತ್ತಂತೆ. ಅದನ್ನೇ ತೋರಿಸಿದರು.

ಮುಂದಿನ ಗುರುವಾರ ವಿದ್ಯಾ ಮನೆಗೆ ಹೋಗಿ ಬಂದು ಹೇಳಿದರು. ವಿದ್ಯಾ ಬಾಗಿಲು ತೆರೆದು ಡಬ್ಬಿ ತೆಗೆದುಕೊಂಡರು. ಹೇಳಿದ್ದನ್ನು ನಿಂತೇ ಕೇಳಿಸಿಕೊಂಡರು. ಆಮೇಲೆ "ಒಳಗೆ ಬನ್ನಿ" ಅಂದರು. ಇದನ್ನು ಹೇಳುವಾಗ ಸುಮಾ ಅತ್ತುಬಿಟ್ಟರು. ಎಂಟು ಒಂಬತ್ತು ವರ್ಷ "ಬಾರೇ" ಅಂದವಳ ಬಾಯಲ್ಲಿ "ಬನ್ನಿ". ಒಳಗೆ ಹೋಗಿ ಹತ್ತು ನಿಮಿಷ ಕೂತರು. ಕಾಫಿ ಬಂತು. ಮಾತು ಏನೂ ಇರಲಿಲ್ಲ.

ಬೋರ್ಡ್ 'ಬಿ' ನಕ್ಷೆಯನ್ನೇ ಒಪ್ಪಿತು. ಅಪಾರ್ಟ್‌ಮೆಂಟ್‌ಗಳು ಗೆರೆಯ ಆಚೆ ಹೋದವು. ಈಗ ನಾಲ್ಕನೇ ಮತ್ತು ಐದನೇ ಕ್ಲಾಸಿನಲ್ಲಿರುವವರಿಗೆ ಮಾತ್ರ ಅಲ್ಲೇ ಮುಗಿಸಲು ಬಿಟ್ಟರು. ಮೂರನೆಯವರು ವರ್ಗದ ಅರ್ಜಿ ಹಾಕಿ ಕಾಯಬೇಕು. ಸುಮಾ ಮುಂದಿನ ಮೀಟಿಂಗ್‌ನಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡರು. ನಲವತ್ತು ಸೆಕೆಂಡು ಅಷ್ಟೇ. ಬೀದಿಯವರು ಇಬ್ಬರು ಮಾತು ಬಿಟ್ಟರಂತೆ.

ಕೊನೆಯ ಭೇಟಿಗೆ ಬಂದಾಗ ಫೋಲ್ಡರ್ ಇರಲಿಲ್ಲ. ನಿದ್ದೆ ಹೆಚ್ಚಿನ ದಿನ ಐದರ ತನಕ ಬರುತ್ತಿದೆ ಅಂದರು. ಫೋನ್ ತೆಗೆದು ವಿದ್ಯಾ ಕಳಿಸಿದ ಮೆಸೇಜ್ ತೋರಿಸಿದರು. ವರ್ಗದ ಫಾರ್ಮಿನ ಒಂದು ಪುಟದ ಫೋಟೋ, ಕೆಳಗೆ ಒಂದು ಸಾಲು: "ಇದು ಹೇಗೆ ತುಂಬೋದು ಸ್ವಲ್ಪ ನೋಡ್ತೀರಾ?"

"ಇನ್ನೂ 'ನೋಡ್ತೀರಾ' ಅಂತಾಳೆ ಮೇಡಂ" ಅಂದರು.

ಕೊನೆಯ ದಿನಾಂಕ ಯಾವಾಗ ಅಂತ ಕೇಳಿದೆ. ಶುಕ್ರವಾರ ಅಂದರು. ಹಾಗಾದರೆ ಇವತ್ತು ಸಂಜೆಯೇ ಹೋಗಿ, ವಿಳಾಸದ ಪುರಾವೆಗೆ ಕರೆಂಟ್ ಬಿಲ್ ತೆಗೆದಿಡೋಕೆ ಹೇಳಿ ಅಂದೆ.